ಟವೆಲ್ ಎಸೆದು ಸೀಟು ಹಿಡಿಯುವವರ ಪರವಾಗಿ ಒಂದು ಬಹಿರಂಗ ಪತ್ರ

ಸಾರಿಗೆ ನಿಗಮದ ಮಾನ್ಯ ಅಧಿಕಾರಿಗಳಿಗೆ, ಬಸ್ ನಿಲ್ದಾಣದ ಕಂಟ್ರೋಲರ್ ಸಾಹೇಬರಿಗೆ, ಮತ್ತು "ನಮ್ಮ ಜನ ಇಷ್ಟೇ ಬಿಡಿ" ಎನ್ನುವ ಎಲ್ಲರಿಗೂ,

ನಮಸ್ಕಾರ.

"ನಮ್ಮ ಜನಕ್ಕೆ ಶಿಸ್ತು ಅನ್ನೋದೇ ಇಲ್ಲ." ಹಬ್ಬದ ಹಿಂದಿನ ದಿನ ಯಾವುದೇ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಕಂಟ್ರೋಲರ್ ಕಿಟಕಿಯ ಒಳಗಿಂದ ಒಮ್ಮೆ, ಟೀ ಅಂಗಡಿಯ ಮುಂದೆ ಒಮ್ಮೆ. ತಮಾಷೆ ಏನೆಂದರೆ, ಬಸ್ಸಿನ ಕಿಟಕಿಯೊಳಗೆ ಬ್ಯಾಗು ತೂರಿಸುತ್ತಿರುವವರೂ ಅದನ್ನೇ ಹೇಳುತ್ತಿರುತ್ತಾರೆ. ಹಾಗೆ ಹೇಳುವಾಗ ಆ "ನಮ್ಮ ಜನ"ದಲ್ಲಿ ತಾವು ಸೇರಿರುವುದಿಲ್ಲ.

ಈ ಮಾತು ಸುಳ್ಳು ಎನ್ನಲು ಪತ್ರ ಬರೆಯುತ್ತಿದ್ದೇನೆ. ಅದೂ ನಿಮಗೆ ತುಂಬ ಅನುಕೂಲವಾದ ಸುಳ್ಳು. ಜನರೇ ಸರಿಯಿಲ್ಲ ಎಂದುಬಿಟ್ಟರೆ ಆಮೇಲೆ ನೀವು ಮಾಡಬೇಕಾದ ಕೆಲಸ ಏನೂ ಉಳಿಯುವುದಿಲ್ಲ, ಅಲ್ವಾ?

ಗೌರಿ ಹಬ್ಬದ ಹಿಂದಿನ ಸಂಜೆ ಅಂದುಕೊಳ್ಳಿ. ಒಂದು ತಾಲ್ಲೂಕು ಕೇಂದ್ರದ ನಿಲ್ದಾಣ. ಹೆಸರು ಬೇಡ, ಎಲ್ಲ ಕಡೆಯೂ ಇದೇ ನಡೆಯುತ್ತದೆ. ಹಳ್ಳಿ ಕಡೆಯ ಬಸ್ಸು ಇನ್ನೂ ಗೇಟಿನ ಹತ್ತಿರ ತಿರುಗುತ್ತಿದೆ. ಬೋರ್ಡು ಕಂಡದ್ದೇ ತಡ, ಜನ ಓಡಲು ಶುರು. ಬಸ್ಸು ಹಿಂದಕ್ಕೆ ಬರುತ್ತಿದ್ದರೆ ಅದರ ಪಕ್ಕದಲ್ಲೇ ಓಡುತ್ತ ಕಿಟಕಿಯ ಗಾಜು ಸರಿಸುವವರಿದ್ದಾರೆ. ಒಬ್ಬರು ಹೆಗಲ ಮೇಲಿನ ಟವೆಲ್ ತೆಗೆದು ಒಳಗೆ ಎಸೆದರು. ಇನ್ನೊಬ್ಬರು ತರಕಾರಿ ಚೀಲ ತೂರಿಸಿದರು. ಒಬ್ಬ ಅಪ್ಪ ಐದಾರು ವರ್ಷದ ಮಗನನ್ನು ಡ್ರೈವರ್ ಬಾಗಿಲಿನಿಂದ ಒಳಗೆ ಹತ್ತಿಸಿಬಿಟ್ಟ. ಆ ಹುಡುಗ ಸೀದಾ ಹೋಗಿ ಮೂರು ಜನರ ಸೀಟಿನ ಮೇಲೆ ಉದ್ದಕ್ಕೆ ಮಲಗಿಕೊಂಡ. ಚೆನ್ನಾಗಿಯೇ ತರಬೇತಿ ಆಗಿದೆ!

ನೀವು ಕಂಟ್ರೋಲರ್ ಕೋಣೆಯಿಂದ ನೋಡುವುದು ಇಷ್ಟನ್ನೇ. ಒಮ್ಮೆ ಬಸ್ಸಿನ ಒಳಗೂ ಬನ್ನಿ.

ಒಳಗೆ ಬೇರೆಯೇ ಒಂದು ಕಾನೂನು ನಡೆಯುತ್ತಿರುತ್ತದೆ. ತಳ್ಳಾಡಿಕೊಂಡು ಮೊದಲು ಹತ್ತಿದ ಗಟ್ಟಿಮುಟ್ಟಾದ ಹುಡುಗ ಖಾಲಿ ಸೀಟಿನ ಮುಂದೆ ಬಂದು ನಿಲ್ಲುತ್ತಾನೆ. ಸೀಟಿನ ಮೇಲೆ ಟವೆಲ್ ಇದೆ. ಟವೆಲ್‌ನ ಯಜಮಾನರು ಇನ್ನೂ ಕೆಳಗೆ, ಬಾಗಿಲ ಗುಂಪಿನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದಾರೆ. ಹುಡುಗ ಮನಸ್ಸು ಮಾಡಿದರೆ ಟವೆಲ್ ಎತ್ತಿ ಪಕ್ಕಕ್ಕೆ ಹಾಕಿ ಕೂರಬಹುದು. ಯಾರು ಕೇಳುತ್ತಾರೆ? ಆದರೂ ಕೂರುವುದಿಲ್ಲ. "ಯಾರದ್ರೀ ಇದು?" ಎಂದು ಸುತ್ತ ಒಮ್ಮೆ ನೋಡುತ್ತಾನೆ. ಉತ್ತರ ಬರದಿದ್ದರೂ ಹಿಂದಿನ ಸೀಟಿಗೆ ಹೋಗುತ್ತಾನೆ. ಐದು ನಿಮಿಷದ ನಂತರ ಅರವತ್ತು ದಾಟಿದ ಯಜಮಾನರು ಏದುಸಿರು ಬಿಡುತ್ತ ಬಂದು ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು ಕೂರುತ್ತಾರೆ.

ಈ ಕಾನೂನಿಗೆ ಒಳನಿಯಮಗಳೂ ಇವೆ. ಟವೆಲ್‌ಗೆ ಪೂರ್ತಿ ಮರ್ಯಾದೆ. ಬ್ಯಾಗಿಗೂ ಅಷ್ಟೇ. ಕರ್ಚೀಫು ನಡೆಯುತ್ತದೆ, ಆದರೆ ವಾದಕ್ಕೆ ಸಿದ್ಧರಿರಬೇಕು. ಪೇಪರ್ ಹಾಕಿದರೆ ಲೆಕ್ಕಕ್ಕಿಲ್ಲ, ಅದು ಹಿಂದಿನ ಟ್ರಿಪ್ಪಿನವರು ಬಿಟ್ಟು ಹೋದದ್ದೂ ಆಗಿರಬಹುದು. ನೀರಿನ ಬಾಟಲಿ ಉರುಳಿ ಕೆಳಗೆ ಬಿದ್ದರೆ ನಿಮ್ಮ ಹಕ್ಕೂ ಅದರ ಜೊತೆ ಉರುಳಿತು. ಒಂದು ಟವೆಲ್‌ಗೆ ಒಂದೇ ಸೀಟು. ಉದ್ದಕ್ಕೆ ಹರಡಿ ಮೂರು ಸೀಟು ಹಿಡಿಯಲು ಹೋದರೆ "ಬಸ್ಸೇನು ನಿಮ್ಮಪ್ಪಂದಾ?" ಎಂಬ ಮಾತು ಗ್ಯಾರಂಟಿ. ಕೂಸು ಎತ್ತಿಕೊಂಡವರು ಬಂದರೆ ಟವೆಲ್ ಹಾಕಿದವರೇ ಎದ್ದು ಜಾಗ ಕೊಡುತ್ತಾರೆ. ಎಲ್ಲರೂ ಅಲ್ಲ, ಆದರೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಜನ. ಇನ್ನು ನಮ್ಮ ರಾಜಕಾರಣಿಗಳಂತೂ ಮುಖ್ಯಮಂತ್ರಿ ಕುರ್ಚಿಗೆ ಐದು ವರ್ಷ ಮೊದಲೇ ಟವೆಲ್ ಹಾಕಿಟ್ಟಿರುತ್ತಾರೆ. ಅಲ್ಲಿ ಮಾತ್ರ ಈ ನಿಯಮ ಅಷ್ಟಾಗಿ ನಡೆಯುವುದಿಲ್ಲ ಅನ್ನಿ.

ಬಸ್ಸಿನ ಈ ಕಾನೂನನ್ನು ಯಾರು ಬರೆದರು? ಯಾವ ಸುತ್ತೋಲೆಯಲ್ಲೂ ಇಲ್ಲ. ದಂಡ ಇಲ್ಲ, ಪೊಲೀಸ್ ಇಲ್ಲ, ಫಲಕ ಇಲ್ಲ. ಒಬ್ಬರನ್ನೊಬ್ಬರು ಕಂಡರಿಯದ ಐವತ್ತು ಅರವತ್ತು ಜನ, ತಳ್ಳಾಟದ ಮಧ್ಯೆ, ಒಂದು ತುಂಡು ಬಟ್ಟೆಗೆ ಬೆಲೆ ಕೊಡುತ್ತಾರೆ. ಶಿಸ್ತೇ ಇಲ್ಲದ ಜನರಿಂದ ಇದು ಸಾಧ್ಯವಾ? ನೀವು ಸಾಲು ಮಾಡಿಕೊಡಲಿಲ್ಲ. ಅದಕ್ಕೆ ಅವರೇ ತಮ್ಮ ಕೈಲಾದ ವ್ಯವಸ್ಥೆ ಮಾಡಿಕೊಂಡರು. ಅದು ಅಷ್ಟು ಚೆನ್ನಾಗಿಲ್ಲ, ಒಪ್ಪುತ್ತೇನೆ. ಓಡಲಾಗದವರಿಗೆ ಅದರಲ್ಲಿ ಅನ್ಯಾಯ ಇದೆ. ಮೊಣಕಾಲು ನೋವಿನ ಅಜ್ಜಿಗೆ ಟವೆಲ್ ಎಸೆಯಲು ಮೊಮ್ಮಗ ಬೇಕು.

ಇದೇ ಯಜಮಾನರು ಹಬ್ಬ ಮುಗಿಸಿಕೊಂಡು ಮಗನ ಮನೆಗೆಂದು ಬೆಂಗಳೂರಿಗೆ ಬರುತ್ತಾರೆ. ಮೆಟ್ರೋ ಹತ್ತುತ್ತಾರೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ "ನೋಡ್ತಾ ಇರಿ, ಒಂದು ತಿಂಗಳಲ್ಲಿ ಎಲೆ ಅಡಿಕೆ ಉಗಿದು ಕೆಂಪು ಮಾಡಿರ್ತಾರೆ" ಎಂದವರು ಬಹಳ ಜನ. ಹಾಗಾಗಲಿಲ್ಲ. ಯಜಮಾನರು ಹಳದಿ ಗೆರೆಯ ಹಿಂದೆ ನಿಲ್ಲುತ್ತಾರೆ. ಇಳಿಯುವವರು ಇಳಿಯಲಿ ಎಂದು ಕಾಯುತ್ತಾರೆ. ಟವೆಲ್ ಹೆಗಲ ಮೇಲೆಯೇ ಇದೆ, ಅದಕ್ಕೆ ಕೆಲಸ ಇಲ್ಲ. ನಿಲ್ದಾಣದಿಂದ ಹೊರಗೆ ಬಂದು ಮೆಟ್ಟಿಲಿಳಿದ ತಕ್ಷಣ ಫುಟ್‌ಪಾತ್ ಪಕ್ಕಕ್ಕೆ ಉಗಿಯುತ್ತಾರೆ, ಅದು ಬೇರೆ ವಿಷಯ. ಬೇರೆ ವಿಷಯ ಅಂದೆ, ಆದರೆ ಅದೂ ಇದೇ ವಿಷಯ. ಎರಡು ನಿಮಿಷದಲ್ಲಿ ಮನುಷ್ಯ ಬದಲಾಗಲಿಲ್ಲ. ಕಾಲಡಿಯ ಜಾಗ ಬದಲಾಯಿತು.

ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದ ನಮ್ಮ ಕರಾವಳಿ ಕಡೆಯವರನ್ನು ಕೇಳಿ ನೋಡಿ. ಅಲ್ಲಿ ನಗರ ಸಾರಿಗೆಯ ಬೆಸ್ಟ್ (BEST) ಬಸ್ಸಿಗೆ ಸಾಲು ನಿಲ್ಲುವುದು ಹಳೆಯ ರೂಢಿ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಇವರೂ ಸಾಲಿಗೆ ಸೇರಿಕೊಳ್ಳುತ್ತಾರೆ, ಯಾರೂ ಹೇಳಿಕೊಡಬೇಕಿಲ್ಲ. ರಜಕ್ಕೆ ಊರಿಗೆ ಬಂದಾಗ ಅದೇ ಮನುಷ್ಯ ಬಸ್ಸಿನ ಪಕ್ಕ ಓಡುತ್ತಾನೆ. ಅವನ ಸಂಸ್ಕಾರ ರೈಲಿನಲ್ಲಿ ಬರುವಾಗ ಎಲ್ಲಾದರೂ ಬಿದ್ದು ಹೋಯಿತಾ?

ನನಗೆ ತೋಚುವುದು ಇಷ್ಟು. ಸಾಲು ನಿಲ್ಲುವುದು ಒಂದು ಸಾಲ ಕೊಟ್ಟ ಹಾಗೆ. ನನ್ನ ಸರದಿ ವಾಪಸ್ ಬಂದೇ ಬರುತ್ತದೆ ಎಂಬ ಭರವಸೆ ಇದ್ದರೆ ಮಾತ್ರ ಮನುಷ್ಯ ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾನೆ. ಮೆಟ್ರೋ ತಪ್ಪಿದರೆ ಏನಾಗುತ್ತದೆ? ಇನ್ನು ಕೆಲವು ನಿಮಿಷಕ್ಕೆ ಇನ್ನೊಂದು ಬರುತ್ತದೆ. ಎಷ್ಟು ನಿಮಿಷ ಎಂದು ತಲೆಯ ಮೇಲೆ ಬೋರ್ಡಿನಲ್ಲಿ ಬರೆದೂ ಇರುತ್ತದೆ. ಹಳ್ಳಿಯ ಬಸ್ಸು ತಪ್ಪಿದರೆ? ಮುಂದಿನದು ಎರಡು ಗಂಟೆ ಬಿಟ್ಟು. ಅದೂ ಬಂದರೆ. ರಾತ್ರಿ ಊರಲ್ಲೇ ಉಳಿಯುವ ಹಾಲ್ಟಿಂಗ್ ಬಸ್ಸು ತಪ್ಪಿತೆಂದರೆ ನಿಲ್ದಾಣದ ಕಲ್ಲು ಬೆಂಚೇ ಹಾಸಿಗೆ, ಇಲ್ಲದಿದ್ದರೆ ಆಟೋದವರು ಕೇಳಿದಷ್ಟು ಕೊಡಬೇಕು. ಹಾಗಿರುವಾಗ ಸಭ್ಯತೆಗೆ ತೆರಬೇಕಾದ ಬೆಲೆ ಇಬ್ಬರಿಗೂ ಒಂದೇ ಅಲ್ಲ. ಕೆಲವು ನಿಮಿಷದ ಸಭ್ಯತೆ ಯಾರಿಗೆ ಬೇಕಾದರೂ ಬರುತ್ತದೆ.

ಮೆಟ್ರೋವನ್ನೂ ಹೊಗಳಿ ಅಟ್ಟಕ್ಕೆ ಏರಿಸುವುದು ಬೇಡ. ಸಂಜೆ ಆಫೀಸು ಬಿಡುವ ಹೊತ್ತಿಗೆ ಮೆಜೆಸ್ಟಿಕ್ ನಿಲ್ದಾಣದಲ್ಲಿ ಒಂದು ಮಾರ್ಗದಿಂದ ಇನ್ನೊಂದಕ್ಕೆ ಬದಲಾಯಿಸಿ ನೋಡಿ. ಬಂದ ರೈಲು ತುಂಬಿದೆ, ಮುಂದಿನದೂ ತುಂಬಿಯೇ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಆಗ ಹಳದಿ ಗೆರೆಯೂ ಇಲ್ಲ, ಇಳಿಯುವವರಿಗೆ ದಾರಿಯೂ ಇಲ್ಲ. ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡವರು ಭುಜ ಕೊಟ್ಟು ನುಗ್ಗುತ್ತಾರೆ. ಟವೆಲ್ ಇಲ್ಲ ಅಷ್ಟೇ.

ಒಂದು ಹಳೆಯ ದಿನ ನೆನಪಿಸುತ್ತೇನೆ. 2020ರ ಮೇ 4. ಲಾಕ್‌ಡೌನ್ ಶುರುವಾದ ಮೇಲೆ ಮೊದಲ ಸಲ ನಮ್ಮ ರಾಜ್ಯದಲ್ಲಿ ಮದ್ಯದಂಗಡಿಗಳ ಬಾಗಿಲು ತೆರೆದವು. ಬೆಳಗ್ಗೆ ಅಂಗಡಿ ತೆರೆಯುವ ಮುಂಚೆಯೇ ಸಾಲು. ನೆಲದ ಮೇಲೆ ಸುಣ್ಣದ ವೃತ್ತಗಳು. ಒಂದೊಂದು ವೃತ್ತದಲ್ಲಿ ಒಬ್ಬೊಬ್ಬರು. ಬಿಸಿಲು ಏರಿತು. ಕೆಲವರು ತಮ್ಮ ವೃತ್ತದಲ್ಲಿ ಚಪ್ಪಲಿ ಬಿಟ್ಟು, ಚೀಲ ಇಟ್ಟು, ಕಲ್ಲು ಇಟ್ಟು ನೆರಳಿಗೆ ಹೋಗಿ ಕುಳಿತರು. ಚಪ್ಪಲಿಗಳ ಆ ಸಾಲಿನ ಫೋಟೋ ಇಟ್ಟುಕೊಂಡು ಇಡೀ ರಾಜ್ಯ ನಕ್ಕಿತು. ನಕ್ಕವರು ಗಮನಿಸದೇ ಬಿಟ್ಟದ್ದು ಒಂದಿದೆ. ಎಷ್ಟೋ ಕಡೆ ಆ ಚಪ್ಪಲಿಯನ್ನು ಯಾರೂ ಕದಿಯಲಿಲ್ಲ, ಆ ವೃತ್ತಕ್ಕೆ ಯಾರೂ ಬಂದು ನಿಲ್ಲಲಿಲ್ಲ. ನಾವು ಯಾರನ್ನು ಶಿಸ್ತಿಲ್ಲದವರ ಪಟ್ಟಿಯಲ್ಲಿ ಮೊದಲು ಬರೆಯುತ್ತೇವೋ ಅವರೇ ಅಂದು ಹಾಗೆ ನಡೆದುಕೊಂಡರು. ಯಾಕೆ? ಇವತ್ತು ಸಿಕ್ಕೇ ಸಿಗುತ್ತದೆ ಎಂದು ಗೊತ್ತಿತ್ತು, ವೃತ್ತ ಬರೆದಿತ್ತು, ಪಕ್ಕದ ಬಾಗಿಲು ಇರಲಿಲ್ಲ.

ಈ ಚಪ್ಪಲಿ ಬಿಡುವ ಬುದ್ಧಿ ನಮ್ಮದು ಮಾತ್ರ ಅಂತ ತಿಳಿಯಬೇಡಿ. ಲಿಯಾನ್ ಮ್ಯಾನ್ ಎಂಬ ಮನಶ್ಶಾಸ್ತ್ರಜ್ಞರು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಫುಟ್‌ಬಾಲ್ ಟಿಕೆಟ್ಟಿಗಾಗಿ ರಾತ್ರಿಯೆಲ್ಲ ಕಾಯುವ ಸಾಲುಗಳನ್ನು ಅಭ್ಯಾಸ ಮಾಡಿ 1969ರಲ್ಲಿ ಬರೆದಿದ್ದಾರೆ. ಅಲ್ಲಿನವರೂ ಪೆಟ್ಟಿಗೆ, ಮಡಿಸುವ ಕುರ್ಚಿ ಇಟ್ಟು ಸ್ವಲ್ಪ ಹೊತ್ತು ಹೋಗಿಬರುತ್ತಿದ್ದರು, ಉಳಿದವರು ಅದನ್ನು ಒಪ್ಪುತ್ತಿದ್ದರು. ತೀರಾ ಹೊತ್ತು ಕಳೆದು ಬಂದರೆ ಮಾತ್ರ ಜಗಳ. ಸಾಲಿನ ವಿಷಯದಲ್ಲಿ ಜಗತ್ತಿಗೇ ಮೇಷ್ಟ್ರು ಎನಿಸಿಕೊಂಡ ಬ್ರಿಟಿಷರನ್ನೇ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ರಾಣಿ ಎಲಿಜಬೆತ್ ಅವರ ಅಂತಿಮ ದರ್ಶನಕ್ಕೆ ಥೇಮ್ಸ್ ನದಿಯ ದಂಡೆಯುದ್ದಕ್ಕೂ ಮೈಲುಗಟ್ಟಲೆ ಸಾಲು ನಿಂತಿತು. ಫುಟ್‌ಬಾಲ್ ತಾರೆ ಡೇವಿಡ್ ಬೆಕಮ್ ಅಂಥವರೂ ಹನ್ನೆರಡು ಗಂಟೆಗೂ ಜಾಸ್ತಿ ಹೊತ್ತು ಅದರಲ್ಲಿ ನಿಂತರು. ಆದರೆ ಆ ಸಾಲನ್ನು ಬರೀ ಬ್ರಿಟಿಷ್ ಸ್ವಭಾವದ ಮೇಲೆ ಬಿಟ್ಟಿರಲಿಲ್ಲ. ಪ್ರತಿಯೊಬ್ಬರ ಮಣಿಕಟ್ಟಿಗೂ ನಂಬರ್ ಇದ್ದ ಪಟ್ಟಿ ಕಟ್ಟಿದ್ದರು. ಶೌಚಕ್ಕೆ ಹೋಗಿ ಬಂದರೆ ಜಾಗ ಅಲ್ಲೇ ಇರುತ್ತಿತ್ತು. ಹುಟ್ಟಿನಿಂದಲೇ ಶಿಸ್ತು ಬಂದವರಿಗೂ ಪಟ್ಟಿ ಬೇಕಾಯಿತು. ನಮಗೆ ಮಾತ್ರ ಬೈಗುಳ ಸಾಕು ಅಂತೀರಾ?

ಈಗ ನನ್ನ ವಾದಕ್ಕೆ ಹೊಂದದ ಒಂದು ವಿಷಯ. ವಿಮಾನ. ಎಲ್ಲರಿಗೂ ಸೀಟು ನಂಬರ್ ಇದೆ. ಬ್ಯಾಗು ಎಲ್ಲೂ ಹೋಗುವುದಿಲ್ಲ. ಬಾಗಿಲು ತೆಗೆಯದೆ ಯಾರೂ ಇಳಿಯಲಾಗದು. ಆದರೂ ಚಕ್ರ ನೆಲ ಮುಟ್ಟಿದ ಕೂಡಲೇ ಟಪ ಟಪ ಎಂದು ಬೆಲ್ಟ್ ಬಿಚ್ಚುವ ಸದ್ದು. ಎದ್ದು, ತಲೆ ಬಗ್ಗಿಸಿಕೊಂಡು, ಮೇಲಿನ ಕಪಾಟಿಗೆ ಕೈ ಹಾಕಿ, ಹತ್ತು ನಿಮಿಷ ಹಾಗೇ ಸೊಂಟ ನೋಯಿಸಿಕೊಂಡು ನಿಲ್ಲುವುದು. ಇಲ್ಲಿ ಕೊರತೆ ಎಲ್ಲಿದೆ? ಭಯ ಯಾವುದರದ್ದು?

ನನಗನ್ನಿಸುವುದು, ಕೊರತೆ ಹೋದ ಮೇಲೂ ಅದು ಕಲಿಸಿದ ಅಭ್ಯಾಸ ಬೇಗ ಹೋಗುವುದಿಲ್ಲ. ಸ್ಕೂಟರ್‌ಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದವರು ನಮ್ಮ ಹಿರಿಯರು. ಟೆಲಿಫೋನಿಗೆ ಅರ್ಜಿ ಹಾಕಿ ಮರೆತೇ ಹೋಗಿ, ಮಗಳ ಮದುವೆಯಾದ ಮೇಲೆ ಕನೆಕ್ಷನ್ ಬಂದ ಮನೆಗಳಿವೆ. ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆ ಡಬ್ಬಗಳ ಸಾಲು. "ಇವತ್ತು ಸ್ಟಾಕ್ ಮುಗೀತು, ನಾಳೆ ಬನ್ನಿ" ಎಂಬ ಮಾತು ಕೇಳಿ ಖಾಲಿ ಡಬ್ಬ ಹಿಡಿದು ವಾಪಸ್ ಬಂದವನಿಗೆ ಒಂದು ಪಾಠ ಜನ್ಮಕ್ಕೆ ಅಂಟಿಕೊಳ್ಳುತ್ತದೆ. ಕೊನೆಯಲ್ಲಿ ನಿಂತವನಿಗೆ ಏನೂ ಸಿಗಲ್ಲ. ಅವನು ಆ ಪಾಠವನ್ನು ಬಾಯಲ್ಲಿ ಹೇಳದಿದ್ದರೂ ಮಕ್ಕಳು ಅವನ ಕೈ ಹಿಡಿದು ಓಡುವಾಗಲೇ ಕಲಿತಿರುತ್ತಾರೆ. ಅದಕ್ಕೇ ಸೀಮೆಎಣ್ಣೆ ಸಾಲನ್ನು ಕಣ್ಣಲ್ಲೇ ನೋಡದ ಹುಡುಗ ಇವತ್ತು ವಿಮಾನದಲ್ಲಿ ಎದ್ದು ನಿಲ್ಲುತ್ತಾನೆ. ಹೊರದೇಶದವರೂ ವಿಮಾನದಲ್ಲಿ ಹೀಗೇ ಏಳುತ್ತಾರಲ್ಲ ಎನ್ನಬಹುದು. ಹೌದು, ಏಳುತ್ತಾರೆ. ಹಾಗಾಗಿ ಈ ವಿವರಣೆ ಪೂರ್ತಿ ಸರಿ ಎಂದು ನಾನು ಹಟ ಹಿಡಿಯುವುದಿಲ್ಲ. ಮನುಷ್ಯನಿಗೆ ಸುಮ್ನೆ ಕೂರುವುದೇ ಕಷ್ಟ ಇರಬಹುದು.

ಅದರಲ್ಲೂ ಈಗ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಮನೆ ಬಾಗಿಲಿಗೆ ಬರುತ್ತದೆ. ಹನ್ನೊಂದನೇ ನಿಮಿಷಕ್ಕೆ ನಮಗೆ ಸಿಟ್ಟು ಬರುತ್ತದೆ. ಮೆಸೇಜಿಗೆ ನೀಲಿ ಗೀಟು ಬಿದ್ದು ಉತ್ತರ ಬರದಿದ್ದರೆ ಸಂಬಂಧದ ಬಗ್ಗೆಯೇ ಅನುಮಾನ. ಹಿಂದೆ ರೇಷನ್ ಸಾಲಿನಲ್ಲಿ ಒಂದು ಗಂಟೆ ನಿಂತರೆ ಇಡೀ ಬೀದಿಯ ಸುದ್ದಿ ಸಿಗುತ್ತಿತ್ತು. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಎಮ್ಮೆ ಕರು ಹಾಕಿತು, ಯಾರು ಯಾರ ಜೊತೆ ಮಾತು ಬಿಟ್ಟರು. ಈಗ ಸಾಲಿನಲ್ಲಿ ಎಲ್ಲರ ತಲೆಯೂ ಬಗ್ಗಿದೆ. ಮುಂದೆ ನಿಂತವರು ನಾಲ್ಕು ಹೆಜ್ಜೆ ಹೋಗಿಯಾಗಿದೆ, ಈ ಪುಣ್ಯಾತ್ಮನಿಗೆ ಗೊತ್ತೇ ಇಲ್ಲ. ಹಿಂದಿನಿಂದ "ಸಾರ್, ಮುಂದೆ ಹೋಗಿ" ಅನ್ನಬೇಕು. ಫೋನು ಬೇಜಾರು ಕಳೆಯಿತು, ಸರಿ. ಕಾಯುವ ಶಕ್ತಿಯನ್ನು ಮಾತ್ರ ಹೆಚ್ಚು ಮಾಡಲಿಲ್ಲ. ಕಾಯುವುದು ಎಂದರೆ ಏನೋ ಕೆಟ್ಟಿದೆ ಎಂದೇ ಅರ್ಥ ಎಂಬಂತೆ ನಮ್ಮನ್ನು ತಯಾರು ಮಾಡಿಬಿಟ್ಟಿದೆ. ಇದರಲ್ಲಿ ನಿಮ್ಮ ತಪ್ಪಿಲ್ಲ. ಆದರೆ ಇಂಥ ಪ್ರಯಾಣಿಕರೇ ಈಗ ನಿಮ್ಮ ನಿಲ್ದಾಣಕ್ಕೆ ಬರುತ್ತಾರೆ ಎಂಬುದು ನಿಮಗೆ ಗೊತ್ತಿರಲಿ.

ಪಕ್ಕದ ಬಾಗಿಲು ಅಂದೆನಲ್ಲ, ಅದಕ್ಕೆ ಬರುತ್ತೇನೆ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ರೋಗ ಅದು.

ಒಂದು ದೊಡ್ಡ ಆಸ್ಪತ್ರೆ. ತಾಯಿಯ ಜೊತೆ ಹೋಗಿದ್ದೆ. ಟೋಕನ್ ಇದೆ, ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ನಂಬರ್ ಬರುತ್ತಿದೆ. ಬೆಂಚುಗಳ ಮೇಲೆ ಜನ ನೆಮ್ಮದಿಯಾಗಿ ಕುಳಿತಿದ್ದಾರೆ. ಕೆಲವರು ತೂಕಡಿಸುತ್ತಿದ್ದಾರೆ. ಅಷ್ಟರಲ್ಲಿ ಇಸ್ತ್ರಿ ಶರ್ಟಿನವರೊಬ್ಬರು ಬಂದು ಬಾಗಿಲ ಹತ್ತಿರ ನಿಂತು ಫೋನಿನಲ್ಲಿ ಏನೋ ಹೇಳಿದರು. ಅಟೆಂಡರ್ ಬಾಗಿಲು ಅರ್ಧ ತೆರೆದು ಕಣ್ಣಲ್ಲೇ ಕರೆದ. ಅವರು ಒಳಗೆ ಹೋದರು. ಗೋಡೆಯ ನಂಬರ್ ಬದಲಾಗಲಿಲ್ಲ. ಯಾರೂ ಕೂಗಾಡಲಿಲ್ಲ. ಆದರೆ ತೂಕಡಿಸುತ್ತಿದ್ದವರೆಲ್ಲ ಎಚ್ಚರವಾದರು. ಒಬ್ಬರು ಎದ್ದು ಬಾಗಿಲ ಹತ್ತಿರ ಹೋಗಿ ಇಣುಕಿದರು. ಇನ್ನಿಬ್ಬರು ಎದ್ದರು. ಹತ್ತು ನಿಮಿಷದಲ್ಲಿ ಬೆಂಚುಗಳು ಖಾಲಿ, ಬಾಗಿಲಲ್ಲಿ ಗುಂಪು. ಆಗ ಅಟೆಂಡರ್ ಹೊರಗೆ ಬಂದು ಏನೆಂದ ಗೊತ್ತೇ? "ಟೋಕನ್ ಕೊಟ್ಟಿದ್ರೂ ನುಗ್ತೀರಲ್ರೀ, ನಿಮಗೆಲ್ಲ ಶಿಸ್ತೇ ಇಲ್ವಾ?"

ತಿರುಪತಿಗೆ ಹೋದ ನಮ್ಮ ಊರಿನವರು ವೈಕುಂಠಂ ಕ್ಯೂ ಕಾಂಪ್ಲೆಕ್ಸಿನ ಕಂಪಾರ್ಟ್‌ಮೆಂಟಿನಲ್ಲಿ ಹತ್ತು ಗಂಟೆ, ಕೆಲವು ದಿನ ಅದಕ್ಕೂ ಜಾಸ್ತಿ ಕೂರುತ್ತಾರೆ. ಹಾಲು ಕೊಡುತ್ತಾರೆ, ಊಟ ಕೊಡುತ್ತಾರೆ, ಒಂದು ಕಂಪಾರ್ಟ್‌ಮೆಂಟ್ ಬಿಟ್ಟ ಮೇಲೆ ಇನ್ನೊಂದು ಎಂದು ಎಲ್ಲರಿಗೂ ಗೊತ್ತು. 300 ರೂಪಾಯಿ ಟಿಕೆಟ್ಟಿನ ಬೇರೆ ಸಾಲು ಇದೆ ಎಂಬುದೂ ಗೊತ್ತು. ಅದರ ಬಗ್ಗೆ ಗೊಣಗುತ್ತಾರೆ, ಆದರೆ ಸಾಲು ಬಿಡುವುದಿಲ್ಲ. ನಿಯಮ ಕೆಟ್ಟದಾಗಿದ್ದರೂ ಬಹಿರಂಗವಾಗಿದ್ದರೆ ಜನ ಸಹಿಸುತ್ತಾರೆ. ಕಣ್ಣಸನ್ನೆಯನ್ನು ಸಹಿಸುವುದಿಲ್ಲ.

ಅದೇ ತಿರುಪತಿಯಲ್ಲಿ 2025ರ ಜನವರಿ 8ರ ರಾತ್ರಿ ವೈಕುಂಠ ದ್ವಾರ ದರ್ಶನದ ಟೋಕನ್ ಕೊಡುವ ಜಾಗದಲ್ಲಿ ನೂಕುನುಗ್ಗಲಾಗಿ 6 ಜನ ಸತ್ತರು. ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ, ಆರ್‌ಸಿಬಿ ತಂಡದ ವಿಜಯೋತ್ಸವಕ್ಕೆ ಸೇರಿದ ಗುಂಪಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ಮಾರನೇ ದಿನ ಟೀ ಅಂಗಡಿಯಲ್ಲಿ ಕೇಳಿದ ಮಾತು ಅದೇ, "ನಮ್ಮ ಜನಕ್ಕೆ ಬುದ್ಧಿ ಇಲ್ಲ." ಜನ ಸಾಲು ಮುರಿದರು ಎನ್ನುವ ಮೊದಲು ಅಲ್ಲಿ ಸಾಲು ಇತ್ತಾ ಎಂದು ಒಬ್ಬರಾದರೂ ಕೇಳಬೇಕಲ್ಲ.

ನಾನು ಹೇಳುವ ವ್ಯವಸ್ಥೆ ಹೊರದೇಶದ್ದಲ್ಲ. ನಮ್ಮಲ್ಲೇ ಇದೆ, ನಿಮ್ಮಂಥ ಸರ್ಕಾರಿ ನೌಕರರೇ ನಡೆಸುತ್ತಾರೆ. ಮತದಾನದ ದಿನ ಸಂಜೆ ಏನಾಗುತ್ತದೆ ನೆನಪಿದೆಯಾ? 2023ರ ಮೇ 10ರ ವಿಧಾನಸಭಾ ಚುನಾವಣೆಯನ್ನೇ ತೆಗೆದುಕೊಳ್ಳಿ. ಮತದಾನ ಸಂಜೆ 6ಕ್ಕೆ ಮುಗಿಯಬೇಕು. 6 ಗಂಟೆಗೆ ಇನ್ನೂ ಸಾಲು ಇದ್ದರೆ ಮತಗಟ್ಟೆ ಅಧಿಕಾರಿ ಅಲ್ಲಿರುವ ಎಲ್ಲರಿಗೂ ಸಹಿ ಮಾಡಿದ, ನಂಬರ್ ಹಾಕಿದ ಚೀಟಿ ಕೊಡಬೇಕು. ಅದನ್ನು ಸಾಲಿನ ಕೊನೆಯಿಂದ ಶುರು ಮಾಡುತ್ತಾರೆ. ಕಟ್ಟಕಡೆಗೆ ನಿಂತವರಿಗೆ ಮೊದಲ ಚೀಟಿ. ಆಮೇಲೆ ಬಂದವರು ಹಿಂದೆ ಸೇರಿಕೊಳ್ಳಲು ಆಗುವುದಿಲ್ಲ. ಚೀಟಿ ಕೈಗೆ ಬಂದವರಿಗೆ ಗಾಬರಿ ಇಲ್ಲ, ಏಳು ಗಂಟೆಯಾದರೂ ಎಂಟಾದರೂ ನನ್ನ ಮತ ನನಗೇ. ಇದನ್ನು ಯೋಚಿಸಿದವರು ಯಾರೋ ಗೊತ್ತಿಲ್ಲ, ಅವರಿಗೆ ಕೈ ಮುಗಿಯಬೇಕು. ಸಾಲಿನಲ್ಲಿ ಅತಿ ಜಾಸ್ತಿ ಭಯ ಇರುವುದು ಕೊನೆಯವರಿಗೆ. ಆ ಭಯವನ್ನು ಅವರು ಮೊದಲು ತೆಗೆದರು. ಟವೆಲ್ ಎಸೆಯುವ ಅದೇ ಜನ ಅಲ್ಲಿ ಮತಗಟ್ಟೆಯ ಅಂಗಳದಲ್ಲಿ ಕಡ್ಲೆಕಾಯಿ ತಿನ್ನುತ್ತ ನಿಂತಿರುತ್ತಾರೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಹೊಸ ಬಸ್ಸು ಬೇಕು, ಹೊಸ ಕಟ್ಟಡ ಬೇಕು ಎಂದು ಕೇಳುತ್ತಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಉಚಿತವಾಗಿ ಓಡಾಡುತ್ತಿದ್ದಾರೆ, ಬಸ್ಸಿಗೆ ಜನ ಜಾಸ್ತಿಯಾಗಿದ್ದಾರೆ. ಅದು ಒಳ್ಳೆಯದೇ. "ಫ್ರೀ ಕೊಟ್ಟು ಹಾಳು ಮಾಡಿದ್ರು" ಎಂದು ಆ ಹೆಣ್ಣುಮಕ್ಕಳನ್ನು ಬೈಯುವುದನ್ನೂ ಕೇಳಿದ್ದೇನೆ. ಅವರು ಬರುವ ಮೊದಲೂ ಟವೆಲ್ ಇತ್ತು ಸ್ವಾಮಿ.

ಬಸ್ಸು ತಡವಾದರೆ ಮೈಕಿನಲ್ಲಿ ಹೇಳಿ. "ಎಷ್ಟೊತ್ತಿಗೆ ಬರುತ್ತೆ ಸಾರ್?" ಎಂದರೆ "ಬರುತ್ತೆ ಹೋಗಿ" ಎನ್ನುವುದು ಉತ್ತರವಲ್ಲ. ನಲವತ್ತು ನಿಮಿಷ ತಡ, ಟಯರ್ ಪಂಕ್ಚರ್ ಎಂದರೆ ಜನ ಟೀ ಕುಡಿಯಲು ಹೋಗುತ್ತಾರೆ. ಏನೂ ಹೇಳದಿದ್ದರೆ ಗೇಟಿನ ಕಡೆ ನೋಡುತ್ತ ಓಟಕ್ಕೆ ತಯಾರಾಗಿ ನಿಲ್ಲುತ್ತಾರೆ. ಈ ಬಸ್ಸಿನ ನಂತರ ಇನ್ನೊಂದು ಇದೆಯೋ ಇಲ್ಲವೋ ಅದನ್ನೂ ಹೇಳಿ. ಇಲ್ಲ ಎಂದಾದರೂ ಹೇಳಿ.

ಇನ್ನೊಂದು. ಹಬ್ಬದ ಹಿಂದಿನ ದಿನ, ಜಾಸ್ತಿ ಜನ ಇರುವ ಒಂದೇ ಒಂದು ಮಾರ್ಗದ ಪ್ಲಾಟ್‌ಫಾರಂನಲ್ಲಿ ಕಬ್ಬಿಣದ ಕಂಬಿ ನೆಟ್ಟು ಹಗ್ಗ ಕಟ್ಟಿ. ಬಸ್ಸು ಬರುವ ಅರ್ಧ ಗಂಟೆ ಮೊದಲು ಅಲ್ಲಿ ನಿಂತವರಿಗೆ ನಂಬರ್ ಚೀಟಿ ಕೊಡಿ. ಟೋಕನ್ ಕೊಡುವ ಜಾಗಕ್ಕೆ ಜನರನ್ನು ಓಡಿಸಬೇಡಿ, ನಿಂತಲ್ಲಿಗೇ ನೀವು ಹೋಗಿ. ಸೀಟು ಎಷ್ಟಿದೆಯೋ ಅಷ್ಟು ಚೀಟಿ ಒಂದು ಬಣ್ಣದ್ದು, ನಿಂತು ಹೋಗುವವರಿಗೆ ಇನ್ನೊಂದು ಬಣ್ಣದ್ದು. ವಯಸ್ಸಾದವರು, ಕೂಸು ಇರುವವರು ಮೊದಲು ಹತ್ತಲಿ. ಕಂಡಕ್ಟರ್ ಬಾಗಿಲಲ್ಲಿ ನಿಂತು ನಂಬರ್ ಕೂಗಲಿ. ಡ್ರೈವರ್ ಬಾಗಿಲು ಮುಚ್ಚಿರಲಿ. ಕಂಟ್ರೋಲರ್ ಕೋಣೆಯಿಂದ "ಇವರು ನಮ್ಮವರು, ಸ್ವಲ್ಪ ನೋಡಿ" ಎಂಬ ಮಾತು ಆ ಒಂದು ಸಂಜೆ ಬಾರದಿರಲಿ. ಕೊನೆಯದು ಎಲ್ಲಕ್ಕಿಂತ ಕಷ್ಟ ಎಂದು ನನಗೂ ಗೊತ್ತು. ನಿಮ್ಮ ನೆಂಟರೂ ಹಬ್ಬಕ್ಕೆ ಊರಿಗೆ ಹೋಗಬೇಕಲ್ಲ.

ಮೊದಲ ಸಲ ಗೊಂದಲ ಆಗುತ್ತದೆ. ಯಾರೋ ಒಬ್ಬರು ಹಗ್ಗದ ಕೆಳಗಿನಿಂದ ನುಸುಳುತ್ತಾರೆ. ಆಗ ಹಿಂದಿನವರು ಬೈಯಲಿ ಎಂದು ನೀವು ಸುಮ್ಮನಿರಬೇಡಿ. ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಜೊತೆಗಾರರು 129 ಸಾಲುಗಳಲ್ಲಿ ಬೇಕೆಂದೇ ಜನರನ್ನು ನಡುವೆ ನುಗ್ಗಿಸಿ ನೋಡಿದರು, ಅದರ ವರದಿ 1986ರಲ್ಲಿ ಪ್ರಕಟವಾಯಿತು. ನುಗ್ಗಿದವನ ಸರಿಯಾಗಿ ಹಿಂದೆ ಇದ್ದವರೇ ಹೆಚ್ಚಾಗಿ ತಕರಾರು ಎತ್ತಿದ್ದು. ಉಳಿದವರು ಅವರ ಬಾಯಿ ನೋಡುತ್ತಿದ್ದರು. ಇಲ್ಲೂ ಹಾಗೇ, ಸಂಕೋಚದ ಮನುಷ್ಯ ಆ ಜಾಗದಲ್ಲಿದ್ದರೆ ಅವತ್ತಿಗೆ ಸಾಲು ಮುಗಿಯಿತು. ಖಾಕಿ ಶರ್ಟಿನವರು ಒಬ್ಬರು "ಹಿಂದೆ ಹೋಗಿ ಸಾರ್" ಎಂದರೆ ಸಾಕು. ಜಗಳ ಬೇಡ, ಲಾಠಿಯೂ ಬೇಡ.

ಚೀಟಿ ಹಂಚಲು ನಿಮ್ಮಲ್ಲಿ ಸಿಬ್ಬಂದಿ ಕಡಿಮೆ ಎನ್ನುತ್ತೀರಿ. ಅದು ನಿಜವೂ ಹೌದು. ನಮ್ಮ ಬೀದಿಯಲ್ಲಿ ಕಾಲೇಜು ಹುಡುಗರು ನಾಲ್ಕೈದು ಜನ ಬರಲು ಒಪ್ಪಿದ್ದಾರೆ. ನಾನೂ ಬರುತ್ತೇನೆ, ಸಂಜೆ ಐದರ ಮೇಲೆ ನನಗೆ ಬಿಡುವು. ಚೀಟಿ ನಾವೇ ಅಚ್ಚು ಹಾಕಿಸಿ ತರುತ್ತೇವೆ, ಅದರ ಮೇಲೆ ನಿಲ್ದಾಣದ ಸೀಲು ಮಾತ್ರ ನೀವು ಒತ್ತಿಕೊಡಬೇಕು. ಯಾವ ಪ್ಲಾಟ್‌ಫಾರಂ, ಯಾವ ಬಸ್ಸು ಎಂದು ಹಬ್ಬಕ್ಕೆ ಒಂದು ವಾರ ಮುಂಚೆ ತಿಳಿಸಿ.

ಇಂತಿ,
ನಿಮ್ಮ ಬಸ್ಸುಗಳಲ್ಲೇ ಓಡಾಡುವ ಒಬ್ಬ ಪ್ರಯಾಣಿಕ